ಕೊರೊನಾ ಹೋಯಿತು, ಅಂದು ಕೊಟ್ಟ ಮಾಹಿತಿ ಎಲ್ಲಿದೆ?

2020ರ ಮಾರ್ಚ್‌ನಲ್ಲಿ ಹೊರದೇಶದಿಂದ ಬಂದವರ ಕೈ ಮೇಲೆ ಬೇಗ ಅಳಿಸದ ಶಾಯಿಯ ಮುದ್ರೆ ಒತ್ತುತ್ತಿದ್ದರು. ನಿಮಗೂ ನೆನಪಿರಬಹುದು. ಆ ಶಾಯಿ ಸ್ವಲ್ಪ ದಿನಕ್ಕೆ ತಾನಾಗಿಯೇ ಹೋಯಿತು. ಆದರೆ ಅದರ ಹಿಂದೆಯೇ ನಮ್ಮೆಲ್ಲರಿಂದ ಬರೆದುಕೊಂಡರಲ್ಲ, ಹೆಸರು, ವಯಸ್ಸು, ಫೋನ್ ನಂಬರು, ಆಧಾರ್, ಮನೆಯಲ್ಲಿ ಯಾರಿಗೆ ಶುಗರ್, ಯಾರಿಗೆ ಬಿ.ಪಿ., ಯಾರು ಯಾವ ಊರಿನಿಂದ ಬಂದರು? ಅದನ್ನೆಲ್ಲ ಅಳಿಸಿದ್ದಾರೆಯೇ? ಅಳಿಸಿ ಎಂದು ಕೇಳುವ ಹಕ್ಕು ನಮಗೆ ಇದೆಯೇ?

ಇದು ಪಟ್ಟಣದವರ ಚಿಂತೆ, ಹಳ್ಳಿಯಲ್ಲಿ ಯಾರ ವಿಷಯ ಯಾರಿಗೆ ಗೊತ್ತಿಲ್ಲ ಎಂದು ನೀವು ಅನ್ನಬಹುದು. ನಾವು ಹಾಗೆ ಅಂದುಕೊಳ್ಳುವುದಿಲ್ಲ. ಊರಿನಲ್ಲಿ ಒಂದು ಮನೆಗೆ ಟಿ.ಬಿ. ಇದೆ ಎಂದು ಗೊತ್ತಾದರೆ ಮಗಳ ಮದುವೆ ಮಾತು ನಿಂತುಹೋಗುತ್ತದೆ. ಹೋಟೆಲಿನಲ್ಲಿ ಲೋಟ ಬೇರೆಯಾಗುತ್ತದೆ. ಕೂಲಿಗೆ ಕರೆಯುವುದು ನಿಲ್ಲುತ್ತದೆ. ಪಟ್ಟಣದಲ್ಲಾದರೆ ಮನೆ ಬದಲಿಸಬಹುದು. ಹೊಲ, ಮನೆ, ಬಂಧುಬಳಗ ಎಲ್ಲ ಒಂದೇ ಊರಿನಲ್ಲಿ ಇರುವವರು ಎಲ್ಲಿಗೆ ಹೋಗಬೇಕು?

ಆ ದಿನಗಳಲ್ಲಿ ನಮ್ಮ ರಾಜ್ಯದಲ್ಲಿ ಏನೇನಾಯಿತು ನೋಡಿ. ಹೋಮ್ ಕ್ವಾರಂಟೈನ್‌ನಲ್ಲಿ ಇದ್ದವರ ವಿಳಾಸದ ಪಟ್ಟಿಯನ್ನು ಸರ್ಕಾರವೇ ಪ್ರಕಟಿಸಿತು. ಹೆಸರಿರಲಿಲ್ಲ, ಮನೆ ನಂಬರು ಇತ್ತು. ಪಟ್ಟಿ ವಾಟ್ಸ್‌ಆ್ಯಪ್‌ಗೆ ಬಂತು. ಮನೆ ಗೊತ್ತಾದ ಮೇಲೆ ಹೆಸರು ಯಾರಿಗೆ ಬೇಕು? ಕ್ವಾರಂಟೈನ್‌ನಲ್ಲಿದ್ದವರು ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಂದು ಸೆಲ್ಫಿ ತೆಗೆದು ಆ್ಯಪ್‌ನಲ್ಲಿ ಕಳಿಸಬೇಕು ಎಂದೂ ಹೇಳಿದರು. ದೇಶದ ಹಲವು ಕಡೆ ಮನೆ ಬಾಗಿಲಿಗೆ ಪೋಸ್ಟರ್ ಅಂಟಿಸಿದರು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಸಂಬಂಧಪಟ್ಟ ಪ್ರಾಧಿಕಾರ ವಿಪತ್ತು ನಿರ್ವಹಣಾ ಕಾಯ್ದೆಯಡಿ ನಿರ್ದಿಷ್ಟ ಆದೇಶ ಹೊರಡಿಸದೆ ಇಂಥ ಪೋಸ್ಟರ್ ಅಂಟಿಸುವಂತಿಲ್ಲ ಎಂದು ಕೋರ್ಟ್ ಹೇಳಿತು. ಆದರೆ ಅದು ಹೇಳಿದ್ದು 2020ರ ಡಿಸೆಂಬರ್‌ನಲ್ಲಿ. ಅಷ್ಟರೊಳಗೆ ಊರಿಗೆಲ್ಲ ಗೊತ್ತಾಗಿ ಹೋಗಿತ್ತು.

ಆರೋಗ್ಯ ಸೇತು ಆ್ಯಪ್ ಬಂದಿದ್ದು 2020ರ ಏಪ್ರಿಲ್‌ನಲ್ಲಿ. ಅದರ ಮಾಹಿತಿಯನ್ನು ಹೇಗೆ ಬಳಸಬೇಕು ಎಂದು ಕೇಂದ್ರ ಸರ್ಕಾರ ಮೇ ತಿಂಗಳಲ್ಲಿ ನಿಯಮ ಮಾಡಿತು. ಸಾಮಾನ್ಯವಾಗಿ 180 ದಿನಕ್ಕಿಂತ ಹೆಚ್ಚು ಕಾಲ ಇಟ್ಟುಕೊಳ್ಳಬಾರದು ಎಂಬುದು ಅದರಲ್ಲಿತ್ತು. ಒಳ್ಳೆಯ ಮಾತು. ಆದರೆ ಅದು ಸಂಸತ್ತು ಮಾಡಿದ ಕಾನೂನಲ್ಲ, ಸರ್ಕಾರದ ಆದೇಶ. 2021ರ ಜನವರಿಯಲ್ಲಿ ನಮ್ಮ ಹೈಕೋರ್ಟ್ ಮಧ್ಯಂತರ ಆದೇಶ ಕೊಟ್ಟು, ಜನರಿಗೆ ತಿಳಿಸಿ ಅವರ ಒಪ್ಪಿಗೆ ಪಡೆಯದೆ ಆ್ಯಪ್‌ನ ಮಾಹಿತಿಯನ್ನು ಬೇರೆ ಇಲಾಖೆಗಳಿಗೆ ಹಂಚಬಾರದು ಎಂದು ತಡೆಯಿತು.

ಕೋರ್ಟ್ ಹೀಗೆ ಹೇಳಲು ಒಂದು ಬುನಾದಿ ಇದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿದೆ. ಆ ಕೇಸು ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ನಮ್ಮ ನಾಡಿನ ಒಬ್ಬ ಹಿರಿಯರಿಂದ ಇಡೀ ದೇಶಕ್ಕೆ ಸಿಕ್ಕ ಹಕ್ಕು ಇದು.

ಹಕ್ಕು ಸಿಕ್ಕಿತು, ಅದನ್ನು ಕಾಯುವ ಕಾನೂನು ಬಂತೇ? ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆ 2023ರ ಆಗಸ್ಟ್‌ನಲ್ಲಿ ಬಂತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಕಲಮುಗಳ ಜಾರಿಗೆ ಅಲ್ಲಿಂದ 18 ತಿಂಗಳು ಅಂತರ ಇಟ್ಟಿದ್ದಾರೆ, ಅಂದರೆ 2027ರ ಮೇವರೆಗೆ. ತಡವಾದರೂ ಬಂತಲ್ಲ ಎಂದು ಖುಷಿಪಡೋಣ ಎಂದರೆ, ಒಳಗೆ ಓದಿದಾಗ ಕೆಲವು ವಿಷಯ ಕಣ್ಣಿಗೆ ಬೀಳುತ್ತವೆ.

ಸಾಂಕ್ರಾಮಿಕ ರೋಗದ ಹೊತ್ತಿನಲ್ಲಿ ಚಿಕಿತ್ಸೆ, ಆರೋಗ್ಯ ಸೇವೆಗಾಗಿ ನಮ್ಮ ಮಾಹಿತಿಯನ್ನು ಒಪ್ಪಿಗೆ ಇಲ್ಲದೆಯೇ ಬಳಸಬಹುದು ಎಂದು ಕಾಯ್ದೆ ಹೇಳುತ್ತದೆ. ಇದನ್ನು ನಾವು ಒಪ್ಪುತ್ತೇವೆ. ಉಸಿರು ಕಟ್ಟಿದವರ ಮುಂದೆ ಸಹಿಗಾಗಿ ಕಾಗದ ಹಿಡಿಯಲು ಆಗುವುದಿಲ್ಲ. ಆದರೆ ‘ನನ್ನ ಬಗ್ಗೆ ನಿಮ್ಮ ಹತ್ತಿರ ಏನಿದೆ ತೋರಿಸಿ’ ಎಂದು ಕೇಳುವ ಹಕ್ಕನ್ನು ಕಾಯ್ದೆ ಕೊಟ್ಟಿರುವುದು ನಾವಾಗಿಯೇ ಕೊಟ್ಟ, ಒಪ್ಪಿ ಕೊಟ್ಟ ಮಾಹಿತಿಗೆ ಮಾತ್ರ. ಒಪ್ಪಿಗೆ ಕೇಳದೆ ತೆಗೆದುಕೊಂಡಿದ್ದಕ್ಕೆ ಆ ಹಕ್ಕು ಇಲ್ಲ. ಎಲ್ಲಿ ಹೆಚ್ಚು ಕೇಳಬೇಕೋ ಅಲ್ಲೇ ಬಾಯಿ ಕಟ್ಟಿದಂತಾಯಿತು.

ಇನ್ನೊಂದು ಇದಕ್ಕಿಂತ ದೊಡ್ಡದು. ಕೆಲಸ ಮುಗಿದ ಮೇಲೆ ಮಾಹಿತಿ ಅಳಿಸಬೇಕು ಎಂಬ ನಿಯಮ ಖಾಸಗಿ ಕಂಪನಿಗೆ ಇದೆ, ಖಾಸಗಿ ಆಸ್ಪತ್ರೆಗೆ ಇದೆ. ಸರ್ಕಾರಕ್ಕೆ ಇಲ್ಲ. ಕಾಯ್ದೆಯ 17ನೇ ಕಲಮು ಸರ್ಕಾರವನ್ನು ಇದರಿಂದ ಬಿಟ್ಟಿದೆ. ಕೊರೊನಾ ಕಾಲದಲ್ಲಿ ಹಳ್ಳಿಯವರ ಮಾಹಿತಿ ಬಹುಪಾಲು ಹೋಗಿದ್ದು ಯಾರ ಕೈಗೆ? ಸರ್ಕಾರದ ಕೈಗೇ. ಅಂದಮೇಲೆ ಈ ಕಾಯ್ದೆ ಕಾವಲು ನಿಂತಿರುವುದು ನಮ್ಮ ಬಾಗಿಲಲ್ಲಿ ಅಲ್ಲ.

ಮಾಹಿತಿ ಸೋರಿದರೆ? ಕಂಪನಿಗಳಿಗೆ 250 ಕೋಟಿ ರೂಪಾಯಿವರೆಗೂ ದಂಡ ಇದೆ. ಆದರೆ ಆ ದಂಡದ ಹಣ ಸರ್ಕಾರದ ಖಜಾನೆಗೆ ಹೋಗುತ್ತದೆ. ಮರ್ಯಾದೆ ಹೋದವರಿಗೆ, ಕೆಲಸ ಹೋದವರಿಗೆ ಪರಿಹಾರ ಕೊಡಿಸುವ ಮಾತು ಈ ಕಾಯ್ದೆಯಲ್ಲಿ ಇಲ್ಲ. ಕಾಯ್ದೆ ಡಿಜಿಟಲ್ ಮಾಹಿತಿಗೆ ಮಾತ್ರ ಎಂಬುದನ್ನೂ ಗಮನಿಸಿ. ರಿಜಿಸ್ಟರ್ ಪುಸ್ತಕದಲ್ಲಿ ಬರೆದದ್ದು ಕಂಪ್ಯೂಟರಿಗೆ ಏರುವವರೆಗೂ ಇದರ ವ್ಯಾಪ್ತಿಗೆ ಬರುವುದಿಲ್ಲ. ಆರೋಗ್ಯದ ಮಾಹಿತಿ ಬೇರೆ ಮಾಹಿತಿಗಿಂತ ಸೂಕ್ಷ್ಮ ಎಂಬ ಪ್ರತ್ಯೇಕ ವಿಂಗಡಣೆಯೂ ಇಲ್ಲ. ಆರೋಗ್ಯ ಮಾಹಿತಿಗೆಂದೇ 2018ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ‘ದಿಶಾ’ ಎಂಬ ಕರಡು ಮಸೂದೆ ತಂದಿತ್ತು. ಅದು ಕಾನೂನಾಗಲೇ ಇಲ್ಲ.

ಹೀಗೆ ಕಟ್ಟುನಿಟ್ಟು ಮಾಡಿದರೆ ರೋಗ ತಡೆಯುವುದು ಹೇಗೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆಶಾ ಕಾರ್ಯಕರ್ತೆಯರು ಬಿಸಿಲಲ್ಲಿ ಮನೆ ಮನೆ ಅಲೆದು ಬರೆದುಕೊಳ್ಳದೆ ಹೋಗಿದ್ದರೆ ಯಾರಿಗೆ ರೋಗ ಬಂತು, ಯಾರಿಗೆ ಲಸಿಕೆ ಬೇಕು ಎಂದು ಗೊತ್ತಾಗುತ್ತಿರಲಿಲ್ಲ. ಬರೆದುಕೊಳ್ಳಬೇಡಿ ಎಂದು ನಾವು ಹೇಳುತ್ತಿಲ್ಲ. ಬರೆದುಕೊಂಡದ್ದು ಸುರಕ್ಷಿತವಾಗಿರಲಿ, ಕೆಲಸ ಮುಗಿದ ಮೇಲೆ ಹೋಗಲಿ ಎನ್ನುತ್ತಿದ್ದೇವೆ. ಗುಟ್ಟು ಉಳಿಯುತ್ತದೆ ಎಂಬ ನಂಬಿಕೆ ಇದ್ದರೆ ಜನ ತಾವೇ ಬಂದು ಟೆಸ್ಟ್ ಮಾಡಿಸುತ್ತಾರೆ. ಬಾಗಿಲಿಗೆ ಪೋಸ್ಟರ್ ಬೀಳುತ್ತದೆ ಎಂದಾದರೆ ಜ್ವರ ಬಂದರೂ ಮೆಡಿಕಲ್ ಶಾಪಿನ ಮಾತ್ರೆ ನುಂಗಿ ಒಳಗೇ ಮಲಗುತ್ತಾರೆ. ರೋಗ ಹಬ್ಬುವುದು ಹಾಗೆ.

ಇದು ಆಗದ ಮಾತೇನಲ್ಲ. ಎಚ್‌ಐವಿ ವಿಷಯದಲ್ಲಿ ನಮ್ಮ ದೇಶದಲ್ಲೇ 2017ರ ಕಾಯ್ದೆ ಇದೆ, 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಅದು ಹೇಳಿದ ಕೆಲವು ಸಂದರ್ಭ ಬಿಟ್ಟರೆ ಒಪ್ಪಿಗೆ ಇಲ್ಲದೆ ಒಬ್ಬರ ಎಚ್‌ಐವಿ ವಿಷಯವನ್ನು ಬಹಿರಂಗ ಮಾಡುವುದು ತಪ್ಪು. ಒಂದು ಕಾಯಿಲೆಗೆ ಸಾಧ್ಯವಾದದ್ದು ಉಳಿದ ಕಾಯಿಲೆಗಳಿಗೆ ಏಕೆ ಸಾಧ್ಯವಿಲ್ಲ?

ಹಾಗಾಗಿ ನಮ್ಮ ಬೇಡಿಕೆ ಇಷ್ಟು. ಸಾಂಕ್ರಾಮಿಕದ ಹೊತ್ತಿನಲ್ಲಿ ತೆಗೆದುಕೊಂಡ ಮಾಹಿತಿಗೆ ಕೊನೆಯ ದಿನಾಂಕ ಇರಲಿ, ಅದು ಸರ್ಕಾರಕ್ಕೂ ಅನ್ವಯಿಸಲಿ, ಮತ್ತು ಅದು ಆದೇಶದಲ್ಲಲ್ಲ, ಕಾನೂನಿನಲ್ಲಿ ಇರಲಿ. ರೋಗಿಯ ಹೆಸರು, ವಿಳಾಸವನ್ನು ಪಟ್ಟಿ ಮಾಡಿ ಹೊರಗೆ ಬಿಡುವುದು ಅಪರಾಧವಾಗಲಿ, ಅದು ಕಾಗದದ ಪಟ್ಟಿಯಾದರೂ ಸರಿ. ಸೋರಿಕೆಯಿಂದ ನೊಂದವರಿಗೆ ಪರಿಹಾರ ಸಿಗಲಿ. ಮುಂದಿನ ರೋಗ ಬಂದಾಗ ಇದನ್ನೆಲ್ಲ ಯೋಚಿಸಲು ಯಾರಿಗೂ ಪುರುಸೊತ್ತು ಇರುವುದಿಲ್ಲ. ಈಗಲೇ ಆಗಬೇಕು.

ಅಲ್ಲಿಯವರೆಗೆ ನೀವು ಮಾಡಬಹುದಾದ್ದೂ ಇದೆ. 14 ಅಂಕಿಯ ‘ಆಭಾ’ ಆರೋಗ್ಯ ನಂಬರು ಕಡ್ಡಾಯವಲ್ಲ, ಅದು ಇಲ್ಲ ಎಂಬ ಕಾರಣಕ್ಕೆ ಚಿಕಿತ್ಸೆ ಇಲ್ಲ ಎನ್ನುವಂತಿಲ್ಲ. ಯಾರಾದರೂ ಒಟಿಪಿ ಕೇಳಿದರೆ, ಯಾವುದಕ್ಕೆ ಎಂದು ಕೇಳಿ ತಿಳಿದ ಮೇಲೆ ಹೇಳಿ. ಹೊಸ ಕಾಯ್ದೆ ಪೂರ್ತಿ ಜಾರಿಯಾದ ಮೇಲೆ, ನಿಮ್ಮ ಒಪ್ಪಿಗೆ ಕೇಳುವ ಆಸ್ಪತ್ರೆ, ಲ್ಯಾಬ್, ಕಂಪನಿಯವರು ಅದರ ವಿವರವನ್ನು ಕನ್ನಡದಲ್ಲೂ ಓದುವ ಅವಕಾಶ ಕೊಡಬೇಕು. ಇಂಗ್ಲಿಷ್ ಕಾಗದ ಮುಂದಿಟ್ಟರೆ ಸಹಿ ಹಾಕುವ ಮೊದಲು ಕನ್ನಡದ್ದು ಕೊಡಿ ಎನ್ನಿ. ಊರಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಯಾರದಾದರೂ ರಿಪೋರ್ಟ್ ಬಂದರೆ ಮುಂದೆ ಕಳಿಸಬೇಡಿ. ಇದಕ್ಕೆ ಯಾವ ಕಾಯ್ದೆಯೂ ಬೇಕಿಲ್ಲ.

ಎಂಎಲ್ಎ, ಎಂಪಿ ಊರಿಗೆ ಬಂದಾಗ ರಸ್ತೆ, ನೀರು ಕೇಳುವ ಜೊತೆಗೆ ಇದನ್ನೂ ಒಂದು ಮಾತು ಕೇಳಿ: ಕೊರೊನಾದಲ್ಲಿ ನಮ್ಮಿಂದ ಬರೆದುಕೊಂಡದ್ದನ್ನು ಅಳಿಸುವುದು ಯಾವಾಗ?