ಆರೋಪಿಗೆ ಕಾಣದ ಹಾಳೆಗಳು

1987ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ನ್ಯಾಯಾಲಯವೊಂದು ಮೈಕೇಲ್ ಮಾರ್ಟನ್ ಎಂಬವರಿಗೆ ಪತ್ನಿಯನ್ನು ಕೊಂದ ಆರೋಪದಲ್ಲಿ ಜೀವಾವಧಿ ಶಿಕ್ಷೆ ವಿಧಿಸಿತು. ಕೊಲೆ ನಡೆದಾಗ ಅಪ್ಪ ಮನೆಯಲ್ಲಿರಲಿಲ್ಲವೆಂದು ಅವರ ಮೂರು ವರ್ಷದ ಮಗ ಅಜ್ಜಿಯೊಡನೆ ಹೇಳಿದ್ದ. ಅಜ್ಜಿ ಅದನ್ನು ಪೊಲೀಸರಿಗೆ ತಿಳಿಸಿದ್ದರು. ಆ ಮಾತು ಪೊಲೀಸ್ ಕಡತದಲ್ಲಿ ದಾಖಲಾಗಿತ್ತು. ಆದರೆ ಆರೋಪಿಯ ವಕೀಲರ ಕೈಗೆ ಅದು ತಲುಪಲೇ ಇಲ್ಲ. 2011ರಲ್ಲಿ ಡಿಎನ್‌ಎ ಪರೀಕ್ಷೆಯು ಬೇರೊಬ್ಬನತ್ತ ಬೆರಳು ತೋರಿದಾಗ ಮಾರ್ಟನ್ ಹೊರಬಂದರು. ಅಷ್ಟರಲ್ಲಿ ಸುಮಾರು 25 ವರ್ಷಗಳು ಸೆರೆಮನೆಯಲ್ಲಿ ಸವೆದುಹೋಗಿದ್ದವು. ತಂದೆಯ ಪರವಾಗಿ ಮಾತಾಡಿದ್ದ ಮಗು ಬೆಳೆದು ಯುವಕನಾಗಿದ್ದ.

ಆ ದೇಶದಲ್ಲಿ ಕಾನೂನು ಇರಲಿಲ್ಲವೇ? ಇತ್ತು. ಆರೋಪಿಗೆ ಅನುಕೂಲವಾದ ಸಾಕ್ಷ್ಯವನ್ನು ಬಚ್ಚಿಡುವುದು ಸಂವಿಧಾನಬಾಹಿರವೆಂದು ಅಲ್ಲಿನ ಸುಪ್ರೀಮ್ ಕೋರ್ಟು 1963ರಲ್ಲಿಯೇ ಬ್ರಾಡಿ ಪ್ರಕರಣದಲ್ಲಿ ತೀರ್ಪಿತ್ತಿತ್ತು. ಆದರೆ ಯಾವುದು ಅನುಕೂಲವೆಂದು ನಿರ್ಧರಿಸುವ ಅಧಿಕಾರ ಮೊಕದ್ದಮೆ ಹೂಡಿದವರ ಕೈಯಲ್ಲಿಯೇ ಉಳಿದಿತ್ತು. ಅದಕ್ಕಾಗಿಯೇ ಟೆಕ್ಸಾಸ್ 2013ರಲ್ಲಿ ಮಾರ್ಟನ್ ಹೆಸರಿನಲ್ಲಿಯೇ ಕಾಯಿದೆಯೊಂದನ್ನು ತಂದು, ಸರಕಾರಿ ಕಡತವನ್ನು ಆರೋಪಿಯ ವಕೀಲರಿಗೆ ತೆರೆದಿಡಬೇಕೆಂದು ವಿಧಿಸಿತು.

ಇದನ್ನು ದೂರದ ದೇಶದ ಕಥೆಯೆಂದು ನಾವು ಪಕ್ಕಕ್ಕಿಡುವಂತಿಲ್ಲ. ಕಡತದ ಯಾವ ಹಾಳೆಯನ್ನು ತೋರಿಸಬೇಕು, ಯಾವುದನ್ನು ಮಡಚಿಡಬೇಕು ಎಂದು ನಿರ್ಧರಿಸುವವರು ಯಾರು ಎಂಬ ಪ್ರಶ್ನೆ ನಮ್ಮ ನ್ಯಾಯಾಲಯಗಳಲ್ಲಿಯೂ ಇದೆ.

1898ರ ದಂಡ ಪ್ರಕ್ರಿಯಾ ಸಂಹಿತೆಯ ಕಾಲದಲ್ಲಿ ಗಂಭೀರ ಪ್ರಕರಣಗಳು ಸೆಷನ್ಸ್ ನ್ಯಾಯಾಲಯಕ್ಕೆ ಹೋಗುವ ಮುನ್ನ ಮ್ಯಾಜಿಸ್ಟ್ರೇಟರು ಸಾಕ್ಷಿಗಳನ್ನು ಕರೆಸಿ ವಿಚಾರಿಸುತ್ತಿದ್ದರು. ತನ್ನ ವಿರುದ್ಧ ಇರುವುದೇನೆಂದು ಆರೋಪಿಗೆ ತಿಳಿಯುತ್ತಿದ್ದುದು ಅಲ್ಲಿಯೇ. 1955ರ ತಿದ್ದುಪಡಿಯು ಆ ವಿಚಾರಣೆಯನ್ನು ಮೊಟಕುಗೊಳಿಸಿತು. ಅದಕ್ಕೆ ಪ್ರತಿಯಾಗಿ, ತಾವು ಅವಲಂಬಿಸುವ ದಾಖಲೆಗಳ ಪ್ರತಿಗಳನ್ನು ಪೊಲೀಸರು ಆರೋಪಿಗೆ ಉಚಿತವಾಗಿ ಕೊಡಬೇಕೆಂದು ವಿಧಿಸಿತು. 1974ರಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯು ಹಳೆಯ ಪೂರ್ವ ವಿಚಾರಣೆಯನ್ನು ಪೂರ್ತಿಯಾಗಿ ಕೈಬಿಟ್ಟು, ಪ್ರತಿಗಳನ್ನು ಒದಗಿಸುವ ಹೊಣೆಯನ್ನು 207ನೇ ಕಲಮಿನಡಿ ಮ್ಯಾಜಿಸ್ಟ್ರೇಟರ ಮೇಲೆ ಹೊರಿಸಿತು.

ಇದು ಸುಧಾರಣೆಯೇ ಸರಿ. ಆದರೆ ‘ಅವಲಂಬಿಸುವ’ ಎಂಬ ಒಂದು ಪದದಲ್ಲಿ ದೊಡ್ಡ ಕೊರತೆ ಅಡಗಿದೆ. ಹತ್ತು ಮಂದಿಯನ್ನು ವಿಚಾರಿಸಿದ ತನಿಖಾಧಿಕಾರಿಗೆ ಏಳು ಮಂದಿ ಆರೋಪಿಯ ವಿರುದ್ಧವೂ ಮೂವರು ಆತನ ಪರವಾಗಿಯೂ ಹೇಳಿಕೆ ಕೊಟ್ಟರೆನ್ನೋಣ. ಪೊಲೀಸರು ಅವಲಂಬಿಸುವುದು ಏಳು ಹೇಳಿಕೆಗಳನ್ನು. ಆರೋಪಿಗೆ ಸಿಗುವುದೂ ಅವು ಮಾತ್ರ. ಉಳಿದ ಮೂರು ಇವೆಯೆಂಬುದೇ ಗೊತ್ತಿಲ್ಲದವನು ಅವನ್ನು ಕೇಳುವುದಾದರೂ ಹೇಗೆ?

ಸುಪ್ರೀಮ್ ಕೋರ್ಟು ಈ ಕೊರತೆಯನ್ನು ನಿಧಾನವಾಗಿ ಗುರುತಿಸುತ್ತ ಬಂದಿದೆ. ಇದರಲ್ಲಿ ಕರ್ನಾಟಕದ ಎರಡು ಪ್ರಕರಣಗಳಿರುವುದು ಗಮನಾರ್ಹ. ಬೆಂಗಳೂರಿನ ವಿಶೇಷ ನ್ಯಾಯಾಲಯದಲ್ಲಿ ನಡೆಯುತ್ತಿದ್ದ ಜಯಲಲಿತಾ ಅಕ್ರಮ ಆಸ್ತಿ ಪ್ರಕರಣದಲ್ಲಿ, ನ್ಯಾಯಾಲಯಕ್ಕೆ ಸಲ್ಲಿಕೆಯಾಗಿಯೂ ಸಾಕ್ಷ್ಯವಾಗಿ ಗುರುತಿಸದೆ ಬಿಟ್ಟ ದಾಖಲೆಗಳನ್ನು ನೋಡಲು ಶಶಿಕಲಾ ಅವರಿಗೆ 2012ರಲ್ಲಿ ಅನುಮತಿ ದೊರೆಯಿತು. 2017ರಲ್ಲಿ ನಿತ್ಯಾನಂದ ಪ್ರಕರಣದಲ್ಲಿ, ತನಿಖಾಧಿಕಾರಿ ತಡೆಹಿಡಿದ ಪ್ರಶ್ನಾತೀತ ಸಾಕ್ಷ್ಯವಿದ್ದರೆ ದೋಷಾರೋಪ ಹೊರಿಸುವ ಹಂತದಲ್ಲಿಯೂ ನ್ಯಾಯಾಲಯ ಅದನ್ನು ತರಿಸಿಕೊಳ್ಳಬಹುದೆಂಬ ತತ್ವವನ್ನು ಕೋರ್ಟು ಹೇಳಿತು. ಈ ಇಬ್ಬರೂ ಪ್ರಬಲರು, ಹಿರಿಯ ವಕೀಲರನ್ನಿಟ್ಟು ದಿಲ್ಲಿಯವರೆಗೆ ಹೋಗಬಲ್ಲವರು ಎಂಬುದನ್ನು ನಾವು ಮರೆಯಬಾರದು.

ಬಡವನಿಗೂ ಬಾಗಿಲು ತೆರೆದದ್ದು 2021ರ ಏಪ್ರಿಲ್‌ನಲ್ಲಿ. ತನಿಖೆಯಲ್ಲಿ ಸಂಗ್ರಹಿಸಿದ ಹೇಳಿಕೆ, ದಾಖಲೆ ಮತ್ತು ವಸ್ತುಗಳ ಪೈಕಿ ಪೊಲೀಸರು ಅವಲಂಬಿಸದವುಗಳ ಪಟ್ಟಿಯನ್ನೂ ಆರೋಪಿಗೆ ಕೊಡಬೇಕೆಂಬ ಕರಡು ನಿಯಮಗಳನ್ನು ಸುಪ್ರೀಮ್ ಕೋರ್ಟು ಅಂಗೀಕರಿಸಿ, ಆರು ತಿಂಗಳೊಳಗೆ ಅಳವಡಿಸಿಕೊಳ್ಳುವಂತೆ ರಾಜ್ಯಗಳಿಗೂ ಹೈಕೋರ್ಟುಗಳಿಗೂ ಸೂಚಿಸಿತು. 2022ರಲ್ಲಿ ಮಧ್ಯಪ್ರದೇಶದ ಮರಣದಂಡನೆ ಪ್ರಕರಣವೊಂದರಲ್ಲಿ ಅದನ್ನು ಪುನರುಚ್ಚರಿಸಿತು. 2025ರ ಮೇ ತಿಂಗಳಲ್ಲಿ, ಹಣ ಅಕ್ರಮ ವರ್ಗಾವಣೆ ಪ್ರಕರಣಗಳಲ್ಲಿಯೂ ಇಂಥ ಪಟ್ಟಿ ಆರೋಪಿಗೆ ಸಲ್ಲಬೇಕೆಂದು ತೀರ್ಪಿತ್ತಿತು.

ಇದರ ನಡುವೆ ಸಂಸತ್ತಿಗೆ ಒಂದು ಸುವರ್ಣಾವಕಾಶ ಬಂದಿತ್ತು. 2024ರ ಜುಲೈ 1ರಂದು ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 230ನೇ ಕಲಮು, ಆರೋಪಿ ಹಾಜರಾದ 14 ದಿನಗಳೊಳಗೆ ಪ್ರತಿಗಳನ್ನು ಕೊಡಬೇಕೆಂದು ಗಡುವು ವಿಧಿಸಿದೆ. ವಕೀಲರನ್ನಿಟ್ಟುಕೊಂಡ ಸಂತ್ರಸ್ತರಿಗೂ ಆ ಹಕ್ಕನ್ನು ನೀಡಿದೆ. ಇವೆರಡನ್ನೂ ನಾವು ಸ್ವಾಗತಿಸಲೇಬೇಕು. ಆದರೆ ಅವಲಂಬಿಸದ ದಾಖಲೆಗಳ ಪಟ್ಟಿಯ ಬಗ್ಗೆ ಆ ಕಲಮು ಚಕಾರವೆತ್ತಿಲ್ಲ. ಹಳೆಯ ಕೊರತೆಯನ್ನೇ ಹೊಸ ಪುಸ್ತಕದಲ್ಲಿ ಮರುಮುದ್ರಿಸಲಾಗಿದೆ. ಅಷ್ಟೇ ಅಲ್ಲ, ವಿದ್ಯುನ್ಮಾನ ರೂಪದಲ್ಲಿ ಕೊಟ್ಟರೂ ಸಾಕೆಂದಿದೆ. ಸೆರೆಮನೆಯಲ್ಲಿ ಕುಳಿತ ನಿರಕ್ಷರಿಗೆ ಸಾವಿರ ಪುಟಗಳ ಪೆನ್‌ಡ್ರೈವ್ ಕೊಟ್ಟು ಕರ್ತವ್ಯ ಮುಗಿಯಿತೆನ್ನುವುದು ನ್ಯಾಯವೇ?

ಕಡತ ತೆರೆದರೆ ಸಾಕ್ಷಿಗಳ ಜೀವಕ್ಕೆ ಅಪಾಯವಾಗದೇ ಎಂದು ಕೇಳುವವರಿದ್ದಾರೆ. ಈ ಆತಂಕವನ್ನು ತಳ್ಳಿಹಾಕುವಂತಿಲ್ಲ. ಆದರೆ ಅದಕ್ಕೆ ಪರಿಹಾರ ಹಾಳೆಯನ್ನೇ ಅಡಗಿಸುವುದಲ್ಲ, ಗುರುತನ್ನು ಮರೆಮಾಚಿ ಹೇಳಿಕೆಯನ್ನು ಕೊಡುವುದು. ಯುಎಪಿಎಯಂಥ ಕಠಿಣ ಕಾಯಿದೆಯ ಪ್ರಕರಣದಲ್ಲಿಯೂ ಈ ದಾರಿ ಸಾಧ್ಯವೆಂದು ಸುಪ್ರೀಮ್ ಕೋರ್ಟು 2022ರಲ್ಲಿ ತೋರಿಸಿಕೊಟ್ಟಿದೆ. ಇನ್ನು, ನಿಜವಾದ ಅಪರಾಧಿ ಇದರಿಂದ ತಪ್ಪಿಸಿಕೊಳ್ಳುತ್ತಾನೆಂಬ ವಾದಕ್ಕೆ ಮಾರ್ಟನ್ ಪ್ರಕರಣವೇ ಉತ್ತರ. ನಿರಪರಾಧಿಯೊಬ್ಬ ಸೆರೆಮನೆಯಲ್ಲಿದ್ದಷ್ಟು ಕಾಲವೂ ನಿಜವಾದ ಕೊಲೆಗಾರ ಹೊರಗಿದ್ದ.

ಆದ್ದರಿಂದ ಈ ಪಟ್ಟಿಯು ಸಂಹಿತೆಯ ಕಲಮಿನೊಳಗೇ ಬರಬೇಕೆಂಬುದು ನಮ್ಮ ಆಗ್ರಹ. ಅದುವರೆಗೆ ಜನರೂ ಸುಮ್ಮನಿರಬೇಕಾಗಿಲ್ಲ. ಮಗನೋ ಸಹೋದರನೋ ಬಂಧಿತನಾದಾಗ ನಮ್ಮ ಕುಟುಂಬಗಳು ಜಾಮೀನಿನ ಹಿಂದೆ ಓಡುತ್ತವೆ, ಕಾಗದಗಳನ್ನು ಗಮನಿಸುವುದಿಲ್ಲ. ದೋಷಾರೋಪ ಪಟ್ಟಿ ಸಲ್ಲಿಕೆಯಾದೊಡನೆ ವಕೀಲರಲ್ಲಿ ಎರಡು ಪ್ರಶ್ನೆ ಕೇಳಬೇಕು: ಎಲ್ಲ ಪ್ರತಿಗಳೂ ಓದಲು ಬರುವಂತೆ ಸಿಕ್ಕಿವೆಯೇ? ಪೊಲೀಸರು ಅವಲಂಬಿಸದ ದಾಖಲೆಗಳ ಪಟ್ಟಿಗೆ ಅರ್ಜಿ ಹಾಕಲಾಗಿದೆಯೇ? ಇದನ್ನು ವಿಚಾರಣೆಯ ಆರಂಭದಲ್ಲಿಯೇ ಕೇಳಬೇಕು, ಶಿಕ್ಷೆಯಾದ ಬಳಿಕವಲ್ಲ. ಉಚಿತ ಕಾನೂನು ನೆರವಿನ ವಕೀಲರಿದ್ದರೂ ಈ ಪ್ರಶ್ನೆ ಕೇಳುವ ಹಕ್ಕು ನಮಗಿದೆ.

ತನಿಖೆ ನಡೆಯುವುದು ಸಾರ್ವಜನಿಕರ ಹಣದಲ್ಲಿ, ಸತ್ಯವನ್ನು ಕಂಡುಹಿಡಿಯುವುದಕ್ಕಾಗಿ. ಹಾಗಿರುವಾಗ ಆ ಕಡತ ಒಂದು ಪಕ್ಷದ ಸೊತ್ತಾಗುವುದು ಹೇಗೆ? ಅರ್ಧ ಕಡತದಿಂದ ಶಿಕ್ಷೆಯನ್ನು ವಿಧಿಸಬಹುದು, ನ್ಯಾಯವನ್ನು ಕೊಡಲಾಗದು.