ಗೃಹಾರೋಗ್ಯ ವಿಚಾರ: ಮನೆಯಲ್ಲಿ ಎರಡು ಕಾರ್ಡುಗಳಿದ್ದರೆ

ಬೀರೂರು ಜಂಕ್ಷನ್ನಿನಲ್ಲಿ ರೈಲುದಾರಿಯು ಕವಲೊಡೆದು, ಒಂದು ತರೀಕೆರೆಗೂ ಇನ್ನೊಂದು ಅಜ್ಜಂಪುರಕ್ಕೂ ಹೋಗುವುದನ್ನು ಕಡೂರು ಸೀಮೆಯ ವಾಚಕರೆಲ್ಲರೂ ಬಲ್ಲರು. ಯಾವ ಗಾಡಿಯೆಂದು ವಿಚಾರಿಸದೆ ಹತ್ತಿದವನು ಕೈಯಲ್ಲಿ ಟಿಕೀಟಿದ್ದರೂ ಪರದಾಡುವನು. ಈಗ ಅನೇಕ ಗೃಹಸ್ಥರ ಪೆಟ್ಟಿಗೆಯಲ್ಲಿರುವ ಎರಡು ಆರೋಗ್ಯ ಕಾರ್ಡುಗಳ ವಿಷಯವೂ ಇಂಥದೇ ಆಗಿದೆ.

ಮೊದಲನೆಯದು, ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಕಾರ್ಯಾರಂಭಮಾಡಿದ ಯಶಸ್ವಿನಿ. 2018ರಲ್ಲಿ ನಿಂತುಹೋಗಿದ್ದ ಇದು 2023ರ ಜನವರಿಯಿಂದ ಪುನಃ ಆಚರಣೆಗೆ ಬಂದಿತು. ಆಗ ಹಳ್ಳಿಯ ನಾಲ್ವರ ಕುಟುಂಬಕ್ಕೆ ವಂತಿಗೆ 500 ರೂಪಾಯಿ. ಚಿಕಿತ್ಸೆಯ ಮಿತಿ ವರ್ಷಕ್ಕೆ 5 ಲಕ್ಷ. ಎರಡನೆಯದು, ರಾಜ್ಯದ ಆರೋಗ್ಯ ಕರ್ನಾಟಕವೂ ಕೇಂದ್ರದ ಆಯುಷ್ಮಾನ್ ಭಾರತವೂ 2018ರ ಅಕ್ಟೋಬರಿನಲ್ಲಿ ಒಂದುಗೂಡಿ ಆದ ಯೋಜನೆ. ಇದಕ್ಕೆ ವಂತಿಗೆಯಿಲ್ಲ, ಪಡಿತರ ಚೀಟಿಯೇ ಆಧಾರ. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ದೊರೆಯುವುದು. ಉಳಿದವರಿಗೆ ನಿಗದಿಯಾದ ದರದಲ್ಲಿ ನೂರಕ್ಕೆ 30ರಷ್ಟು ಮಾತ್ರ. ಆದುದರಿಂದ ಎ.ಪಿ.ಎಲ್. ಚೀಟಿಯವರು ಸಂಘದ ವಂತಿಗೆಯನ್ನು ಉಪೇಕ್ಷಿಸಲಾಗದು.

ಎರಡರ ಬಾಗಿಲುಗಳೂ ಬೇರೆ. ಆರೋಗ್ಯ ಕರ್ನಾಟಕದಲ್ಲಿ, ತುರ್ತು ಸಂದರ್ಭವನ್ನುಳಿದು, ರೋಗಿಯನ್ನು ಮೊದಲು ಸರಕಾರಿ ಆಸ್ಪತ್ರೆಗೆ ತೋರಿಸತಕ್ಕದ್ದು. ಅಲ್ಲಿ ಆಗದ ಚಿಕಿತ್ಸೆಗೆ ವೈದ್ಯರು ಶಿಫಾರಸು ಪತ್ರ ಕೊಟ್ಟಮೇಲೆ, ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಗೆ ಹೋಗಬಹುದು. ಯಶಸ್ವಿನಿಯ ಬಾಗಿಲಾದರೋ ಸಹಕಾರ ಸಂಘ. ಪ್ರಕಟಿಸಿದ ಅವಧಿಯೊಳಗೆ ವಂತಿಗೆ ಕಟ್ಟದವರಿಗೆ ಆ ವರ್ಷ ಅದು ಮುಚ್ಚಿದಂತೆಯೇ. ರೋಗ ಬಂದಮೇಲೆ ಸಂಘಕ್ಕೆ ಓಡಿ ಫಲವಿಲ್ಲ.

ಎರಡು ಕಾರ್ಡುಗಳಿದ್ದರೆ ಇಮ್ಮಡಿ ಹಣ ಬರುವುದೆಂದು ಕೆಲವರು ಭಾವಿಸುವರು. ಅದು ಭ್ರಮೆ. ಒಂದೇ ಚಿಕಿತ್ಸೆಯ ವೆಚ್ಚವನ್ನು ಎರಡು ಕಡೆ ಪಡೆಯುವಂತಿಲ್ಲ. ಯಾವ ಕಾರ್ಡಿನ ಮೇಲೆ ಚಿಕಿತ್ಸೆಯೆಂಬುದನ್ನು ದಾಖಲಾಗುವಾಗಲೇ ಆರೋಗ್ಯಮಿತ್ರರಲ್ಲಿ ವಿಚಾರಿಸಿ ನಿಶ್ಚಯಿಸಬೇಕು. ಮುಂಗಡ ಹಣ ಕಟ್ಟಿಬಿಟ್ಟು, ಮನೆಗೆ ಬಂದಮೇಲೆ ಕಾರ್ಡು ತೋರಿಸುವೆವೆಂದರೆ ನಡೆಯದು. ಅಡಿಕೆಯ ಮೇಲೆ ಸಾಲ ತಂದು ಆಸ್ಪತ್ರೆಗೆ ಸುರಿಯುವ ಮನೆಗಳಲ್ಲಿ, ಹಲವು ವೇಳೆ ಕೊರತೆಯಾದುದು ಕಾರ್ಡಲ್ಲ, ಈ ಒಂದು ವಿಚಾರಣೆ.

ನಮ್ಮ ಗೃಹಿಣಿಯರಲ್ಲಿ ಒಂದು ವಿಜ್ಞಾಪನೆ. ಈ ಭಾನುವಾರ ಪೆಟ್ಟಿಗೆ ತೆರೆದು, ಆಧಾರ್, ಪಡಿತರ ಚೀಟಿ, ಎರಡು ಕಾರ್ಡುಗಳು ಇವುಗಳಲ್ಲಿ ಪ್ರತಿಯೊಬ್ಬರ ಹೆಸರೂ ವಯಸ್ಸೂ ಒಂದೇ ಆಗಿವೆಯೇ ನೋಡಿರಿ. ಹೊಸ ಸೊಸೆ, ಹುಟ್ಟಿದ ಕೂಸು ಇವರ ಹೆಸರು ಬಿಟ್ಟುಹೋಗುವುದೇ ಹೆಚ್ಚು. ಎಲ್ಲವನ್ನೂ ಒಂದೇ ಚೀಲದಲ್ಲಿಟ್ಟು, ಅದಿರುವ ಸ್ಥಳವನ್ನು ಮನೆಮಂದಿಗೆಲ್ಲ ತಿಳಿಸಿರಿ. ಕಾಯಿಲೆಯು ಯಜಮಾನರು ಊರಲ್ಲಿಲ್ಲದ ಹೊತ್ತಿಗೂ ಬರುವುದುಂಟು.