ಪದರುಗಲ್ಲಿನ ಅನಿಲ: ಲಾಭ ಯಾವ ಊರಿಗೆ?

ಗ್ರಾಂಟ್ ರೋಡಿನಲ್ಲಿ ನಮ್ಮವರ ಅನೇಕ ಹೋಟೆಲುಗಳ ಕಾವಲಿಯ ಕೆಳಗೆ ಇಂದು ಉರಿಯುತ್ತಿರುವುದು ಸೌದೆಯಲ್ಲ, ಅನಿಲ. ಸೌದೆ, ಇದ್ದಿಲುಗಳನ್ನೇ ನೆಚ್ಚಿದ್ದ ಬೇಕರಿ, ತಂದೂರುಗಳಿಗೂ 2025ರ ಜನವರಿಯಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಆರು ತಿಂಗಳ ಗಡುವು ವಿಧಿಸಿತು. ಹೊಗೆ ತಪ್ಪಿದುದು ಒಲೆಯ ಮುಂದೆ ನಿಲ್ಲುವವರಿಗೆ ಸಂದ ನಿಜವಾದ ಲಾಭ. ಆದರೆ ಈ ಅನಿಲವೆಲ್ಲಿಯದು, ಅದರ ಹಣವು ಯಾರಿಗೆ ಸೇರುತ್ತದೆ ಎಂಬುದನ್ನು ನಾವು ವಿಚಾರಿಸಿದ್ದು ಕಡಿಮೆ.

1974ರಲ್ಲಿ ಪತ್ತೆಯಾದ ಬಾಂಬೆ ಹೈ ಭಂಡಾರದ ಅನಿಲವು ಉರಣಕ್ಕೆ ಬರುತ್ತಿರುವುದು ಸರಿ. ಆದರೆ ದೇಶದ ಹಳೆಯ ಬಾವಿಗಳ ಅಗ್ಗದ ಅನಿಲದಲ್ಲಿ ಮೊದಲ ಹಕ್ಕು ಮನೆಯ ಒಲೆಗೂ ಸಿ.ಎನ್.ಜಿ. ವಾಹನಗಳಿಗೂ ಸಲ್ಲುತ್ತದೆ. ಹೋಟೆಲಿಗೆ ಪೇಟೆಯ ದರವೇ ಗತಿ. ಆ ಪೇಟೆಯಲ್ಲಿ ಹೊರದೇಶದ ಅನಿಲದ ಮಾತು ನಡೆಯುತ್ತದೆ. 2018ರ ಮಾರ್ಚಿನಲ್ಲಿ ಅಮೆರಿಕದ ಲೂಸಿಯಾನಾದಿಂದ ಗೇಲ್ ಸಂಸ್ಥೆಯ ಪ್ರಥಮ ಹಡಗು ರತ್ನಾಗಿರಿ ಜಿಲ್ಲೆಯ ದಾಭೋಳಕ್ಕೆ ತಲುಪಿತು. ವರ್ಷಕ್ಕೆ 35 ಲಕ್ಷ ಟನ್ನಿನಂತೆ 20 ವರ್ಷಗಳ ಕರಾರು ಅದು. ದಾಭೋಳದಿಂದ ಬೆಂಗಳೂರಿಗೆ ಕೊಳವೆ ಮಾರ್ಗವು 2013ರಲ್ಲಿಯೇ ಸಿದ್ಧವಾಗಿತ್ತು.

ಅಮೆರಿಕದ ಅನಿಲದಲ್ಲಿ ಬಹುಪಾಲು ಶೇಲ್ ಎಂಬ ಪದರುಗಲ್ಲಿನದು. ನೆಲದಾಳಕ್ಕೆ ಕೊರೆದು, ಅಲ್ಲಿಂದ ಅಡ್ಡಲಾಗಿ ತಿರುಗಿಸಿ, ನೀರು ಮರಳುಗಳನ್ನು ಭಾರಿ ಒತ್ತಡದಿಂದ ನುಗ್ಗಿಸಿ ಕಲ್ಲನ್ನು ಸೀಳುತ್ತಾರೆ. ಪೆನ್ಸಿಲ್ವೇನಿಯದಲ್ಲಿ ಸಾಮಾನ್ಯವಾಗಿ ಖನಿಜದ ಹಕ್ಕುಳ್ಳ ಹೊಲದೊಡೆಯನಿಗೆ ಉತ್ಪನ್ನದ ಎಂಟನೆಯ ಒಂದು ಪಾಲಿಗಿಂತ ಕಡಿಮೆ ಕೊಡಕೂಡದೆಂದು ಕಾನೂನಿದೆ. 2012ರಿಂದ ಪ್ರತಿ ಬಾವಿಗೂ ಶುಲ್ಕ ವಿಧಿಸಿ, ಅದರ ಹೆಚ್ಚಿನ ಭಾಗವನ್ನು ಬಾವಿಯಿರುವ ಜಿಲ್ಲೆ, ಊರುಗಳಿಗೆ ಹಂಚುತ್ತಾರೆ. ಲಾರಿಗಳು ಕೆಡಿಸಿದ ರಸ್ತೆಯ ದುರಸ್ತಿಗೆ ಆ ಹಣ ಒದಗುತ್ತದೆ. ಇಷ್ಟಿದ್ದೂ ನೆರೆಯ ನ್ಯೂಯಾರ್ಕ್ ರಾಜ್ಯವು ಜನರ ಆರೋಗ್ಯ, ಕುಡಿಯುವ ನೀರುಗಳ ಭಯದಿಂದ 2014ರಲ್ಲಿ ಈ ಕೆಲಸವನ್ನೇ ನಿಷೇಧಿಸಲು ತೀರ್ಮಾನಿಸಿತು. ಅದೇ ವಿಧಾನದಿಂದ ತೈಲ ತೆಗೆದ ಉತ್ತರ ಡಕೋಟದ ವಿಲಿಸ್ಟನ್ ಪಟ್ಟಣದಲ್ಲಿ ದೂರದೂರದಿಂದ ಬಂದ ಕೂಲಿಯವರು ಬಿಡಾರಗಳಲ್ಲಿ ಮಲಗಿದರು, ಬಾಡಿಗೆ ಗಗನಕ್ಕೇರಿತು. 2014ರ ಬಳಿಕ ತೈಲದ ಬೆಲೆ ಕುಸಿದಾಗ ಅನೇಕರು ಗಂಟುಕಟ್ಟಿ ಹೊರಟರು. ಹೋಟೆಲಿನ ಮಾಳಿಗೆಯಲ್ಲಿ ಮಲಗಿ ಊರಿಗೆ ಮನಿಯಾರ್ಡರು ಕಳುಹಿಸಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ನಮ್ಮಲ್ಲಿಯ ವ್ಯವಸ್ಥೆಯೇ ಬೇರೆ. ಕಡಲಾಳದ ಸಂಪತ್ತು ಸಂವಿಧಾನದ 297ನೆಯ ವಿಧಿಯಂತೆ ಕೇಂದ್ರದ್ದು. ಆದುದರಿಂದ ಅಸ್ಸಾಮು, ಗುಜರಾತುಗಳು ತಮ್ಮ ನೆಲದ ಬಾವಿಗಳಿಂದ ರಾಯಧನ ಪಡೆಯುವಂತೆ ಮಹಾರಾಷ್ಟ್ರವು ಬಾಂಬೆ ಹೈಯಿಂದ ಪಡೆಯುವುದಿಲ್ಲ. ನೆಲದ ಬಾವಿಯ ರಾಯಧನವೂ ರಾಜ್ಯದ ಬೊಕ್ಕಸಕ್ಕೆ ಹೋಗುವುದೇ ಹೊರತು ನೇರವಾಗಿ ಪಂಚಾಯಿತಿಗಲ್ಲ. 2011ರಲ್ಲಿ ಬಂಗಾಳದ ದುರ್ಗಾಪುರದ ಬಳಿ ಓ.ಎನ್.ಜಿ.ಸಿ.ಯು ಪದರುಗಲ್ಲಿನ ಅನಿಲವನ್ನು ಕಂಡಿತು. 2013ರಲ್ಲಿ ಸರಕಾರವು ಅದಕ್ಕೊಂದು ನೀತಿಯನ್ನೂ ಪ್ರಕಟಿಸಿತು. ಮುಂದೆ ಎಲ್ಲಿಯೇ ಇಂಥ ಬಾವಿ ತೋಡಲಿ, ನೀರು ಕೊಡುವ ಹಳ್ಳಿಯ ಪಾಲನ್ನು ಮೊದಲೇ ಕಾನೂನಿನಲ್ಲಿ ಬರೆದಿಡಬೇಕೆಂಬುದು ನಮ್ಮ ಅಭಿಪ್ರಾಯ. ಬಾವಿ ತೋಡಿದ ಮೇಲೆ ಕೇಳಿದರೆ ಯಾವ ಕಂಪೆನಿಯೂ ಕಿವಿಗೊಡದು.

ಗ್ರಾಂಟ್ ರೋಡಿನ ಪಾಲೇನು? 2022ರಲ್ಲಿ ಉಕ್ರೇನಿನ ಯುದ್ಧದಿಂದ ಅನಿಲದ ದರವೇರಿದಾಗ ಹೊರೆಯು ಅಡಿಗೆಮನೆಗೂ ಬಂತು. ಅನಿಲದ ಬಿಲ್ಲು ಏರಿದ ತಿಂಗಳು ಸಂಬಳದ ಮಾತು ಮುಂದಕ್ಕೆ ಹೋಗುವುದುಂಟು. ಇಳಿದ ತಿಂಗಳು ಆ ಮಾತನ್ನು ಮಾಲಿಕರು ತಾವಾಗಿ ಎತ್ತಿದುದನ್ನು ನಾವಂತೂ ಕಂಡಿಲ್ಲ.